ಹಳೆಯ 486 ಗಣಕಕ್ಕೆ ಮರಳಿ ಮಾತು ಬರಿಸಿದ ಬಗೆ

ಅಕ್ಷರಗಳಲ್ಲೇ ಆಜ್ಞೆ ಕೊಡುವ ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಕಾಲದ, 486 ಪ್ರೊಸೆಸರಿನ ಒಂದು ಗಣಕವನ್ನು ದುರಸ್ತಿ ಮಾಡಿ, ಸಂಕೇತಗಳನ್ನು ಒಂದೊಂದಾಗಿ ಹೊರಗೆ ಕಳುಹಿಸುವ ಅದರ ಸೀರಿಯಲ್ ಪೋರ್ಟಿಗೆ ಮಾತನಾಡುವ ಪೆಟ್ಟಿಗೆಯೊಂದನ್ನು ಹೊಸದಾಗಿ ಕಟ್ಟಿ ಜೋಡಿಸಿದ ಕೆಲಸದ ದಾಖಲೆ ಇದು. ಗಣಕ ಇದ್ದದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ. ನಾನು ಅಂಧ, 1990ರ ದಶಕದ ನಡುವಿನಲ್ಲಿ ಪ್ರೋಗ್ರಾಂ ಬರೆಯಲು ಕಲಿತದ್ದು ಇದೇ ಯಂತ್ರದಲ್ಲಿ, ಇದಕ್ಕೆ ತಗಲಿಸಿದ್ದ, ಬರಹವನ್ನು ಮಾತಾಗಿಸುವ ಧ್ವನಿಯಂತ್ರವೊಂದರ ನೆರವಿನಿಂದ. ಆ ಧ್ವನಿಯಂತ್ರ ಈಗ ಇಲ್ಲ. ಆ ಕಾಲದ ಅಂಧ ಪ್ರೋಗ್ರಾಮರುಗಳು ಎಲ್ಲಿ ಸೇರಿದರೂ ಒಂದು ಮಾತು ಬಂದೇ ಬರುತ್ತದೆ: ಡಾಸಿನಲ್ಲಿ ಕೀಲಿ ಒತ್ತಿದೊಡನೆ ಉತ್ತರ ಕಿವಿಗೆ ಬೀಳುತ್ತಿತ್ತು, ಇನ್ನೊಂದು ಕೀಲಿ ಒತ್ತಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು, ಇಂದಿನ ಯಂತ್ರಗಳಲ್ಲಿ ಆ ಚುರುಕು ಇಲ್ಲ. ಇದು ಹಳೆಯದರ ಮೇಲಿನ ಮಮತೆಯಿಂದ ಹುಟ್ಟಿದ ಮಾತೋ, ಅಥವಾ ಯಂತ್ರದ ರಚನೆಯಲ್ಲಿಯೇ ಅದಕ್ಕೆ ಕಾರಣವಿತ್ತೋ ಎಂಬುದನ್ನು ಅಳೆದು ನೋಡುವುದು ನನ್ನ ಉದ್ದೇಶವಾಗಿತ್ತು.

ರಚನೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ. ಬಣ್ಣದ ಪರದೆಯಿರುವ ಡಾಸ್ ಗಣಕದಲ್ಲಿ ಅಕ್ಷರಗಳ ಪರದೆಯೆಂದರೆ ಬಿ800 ಎಂಬ ಸೆಗ್‌ಮೆಂಟಿನಿಂದ ತೊಡಗುವ 4000 ಬೈಟುಗಳ ಮೆಮೊರಿ. 25 ಸಾಲು, ಸಾಲಿಗೆ 80 ಅಕ್ಷರ, ಪ್ರತಿ ಅಕ್ಷರಕ್ಕೆ ಎರಡು ಬೈಟು; ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಅದರ ಬಣ್ಣ. ಕಣ್ಣಿರುವವರು ನೋಡುತ್ತಿದ್ದುದೂ ಆ 4000 ಬೈಟುಗಳನ್ನೇ, ಪರದೆಯನ್ನು ಓದಿ ಹೇಳುವ ನಮ್ಮ ಪ್ರೋಗ್ರಾಂ, ಅಂದರೆ ಸ್ಕ್ರೀನ್ ರೀಡರ್, ಓದುತ್ತಿದ್ದುದೂ ಅವನ್ನೇ. ಮೆನುವಿನಲ್ಲಿ ಆಯ್ಕೆಯಾದ ಸಾಲು ಯಾವುದೆಂದು ತಿಳಿಯಲು ಬಣ್ಣದ ಬೈಟು ಎಲ್ಲಿ ಬದಲಾಗಿದೆ ಎಂದು ಹುಡುಕಿದರೆ ಸಾಕಾಗಿತ್ತು. ಐಬಿಎಮ್‌ನಲ್ಲಿ ಜಿಮ್ ಥ್ಯಾಚರ್ ರೂಪಿಸಿದ ಸ್ಕ್ರೀನ್ ರೀಡರ್ ಹೊರಬಂದದ್ದು 1986ರಲ್ಲಿ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟರ್‌ಸೈಕಲ್ ಪಂದ್ಯಪಟು ಟೆಡ್ ಹೆಂಟರ್ ಅವರ ಜಾಸ್ ಎಂಬ ಸ್ಕ್ರೀನ್ ರೀಡರ್ ಡಾಸಿಗಾಗಿ ಬಂದದ್ದು 1989ರಲ್ಲಿ. ಇವೆಲ್ಲ ಮೆಮೊರಿಯಲ್ಲಿ ಸದ್ದಿಲ್ಲದೆ ಉಳಿದುಕೊಂಡು, ಕೀಲಿ ಒತ್ತಿದೊಡನೆ ಪ್ರೊಸೆಸರಿಗೆ ಹೋಗುವ ಕರೆಯನ್ನು (ಇಂಟರಪ್ಟನ್ನು) ತಾವೇ ಮೊದಲು ಹಿಡಿದು, ಪರದೆಯ ಮೆಮೊರಿಯನ್ನು ಓದಿ ಸೀರಿಯಲ್ ಪೋರ್ಟಿಗೆ ಕಳುಹಿಸುತ್ತಿದ್ದ ಸಣ್ಣ ಪ್ರೋಗ್ರಾಮುಗಳು. ಚಿತ್ರರೂಪದ ವಿಂಡೋಸ್ ಬಂದ ಮೇಲೆ ಪರದೆಯಲ್ಲಿ ಅಕ್ಷರಗಳು ಉಳಿಯದೆ ಬರಿಯ ಚುಕ್ಕೆಗಳು ಉಳಿದವು. ಯಾವ ಅಕ್ಷರ ಎಲ್ಲಿದೆ ಎಂಬ ಲೆಕ್ಕವನ್ನು ಸ್ಕ್ರೀನ್ ರೀಡರೇ ಬೇರೆಯಾಗಿ ಇಟ್ಟುಕೊಳ್ಳಬೇಕಾಯಿತು. ಡಾಸ್ ಕಾಲದಲ್ಲಿ ನಾವು ಮತ್ತು ಕಣ್ಣಿರುವ ಸಹೋದ್ಯೋಗಿಗಳು ಒಂದೇ ನೆಲದ ಮೇಲೆ ನಿಂತಿದ್ದೆವು ಎಂದು ನಾನು ನಂಬುವುದು ಈ ಕಾರಣದಿಂದ.

ದುರಸ್ತಿ ಪವರ್ ಸಪ್ಲೈಯಿಂದ ಆರಂಭವಾಯಿತು. ಇದು ಹಳೆಯ ಎಟಿ ಮಾದರಿ. ಮುಂಭಾಗದ ಸ್ವಿಚ್ಚಿನವರೆಗೂ 230 ವೋಲ್ಟ್ ನೇರವಾಗಿ ಬರುತ್ತದೆ. ಆದ್ದರಿಂದ ಗೋಡೆಯ ಪ್ಲಗ್ಗು ಕಿತ್ತು ಸ್ವಿಚ್ಚಿನ ತಗಡುಗಳಿಗೆ ಟೇಪು ಸುತ್ತಿದ ಬಳಿಕವೇ ಒಳಗೆ ಬೆರಳು ಹಾಕಬೇಕು. ಮದರ್‌ಬೋರ್ಡಿಗೆ ಹೋಗುವ ಆರಾರು ಪಿನ್ನುಗಳ ಎರಡು ಪ್ಲಗ್ಗುಗಳು, ಪಿ8 ಮತ್ತು ಪಿ9, ಅದಲುಬದಲಾದರೂ ಸಲೀಸಾಗಿ ಕೂರುತ್ತವೆ. ಹಾಗೆ ಕೂತರೆ ಬೋರ್ಡು ಸುಟ್ಟುಹೋಗುತ್ತದೆ. ಎರಡರ ಕಪ್ಪು ತಂತಿಗಳೂ ನಡುವೆ ಪಕ್ಕಪಕ್ಕ ಬರಬೇಕೆಂಬುದು ಎಲ್ಲರೂ ಹೇಳುವ ನಿಯಮ. ಬಣ್ಣ ಕಾಣದವರಿಗೆ ಮಲ್ಟಿಮೀಟರಿನ ಬಜರ್ ಇದೆ: ಒಂದು ಮೊನೆಯನ್ನು ಪೆಟ್ಟಿಗೆಯ ಲೋಹಕ್ಕೆ ಹಿಡಿದು ಇನ್ನೊಂದನ್ನು ಪಿನ್ನುಗಳ ಮೇಲೆ ಸರಿಸುತ್ತ ಹೋದರೆ, ಪ್ರತಿ ಪ್ಲಗ್ಗಿನ ಒಂದು ತುದಿಯ ಎರಡು ಪಿನ್ನುಗಳಲ್ಲಿ ಮಾತ್ರ ಬಜರ್ ಕೂಗುತ್ತದೆ. ಕೂಗಿದ ತುದಿಗಳು ಒಂದನ್ನೊಂದು ಮುಟ್ಟುವಂತೆ ಕೂರಿಸಿದರೆ ಕೆಲಸ ಮುಗಿಯಿತು. ಬೋರ್ಡಿಗೆ ಜೋಡಿಸುವ ಮೊದಲು ಒಂದು ಹಳೆಯ ಹಾರ್ಡ್ ಡಿಸ್ಕನ್ನು ಹೊರೆಯಾಗಿ ತಗಲಿಸಿ, ಮಾತನಾಡುವ ಮೀಟರಿನಿಂದ 5, 12 ಮತ್ತು ಋಣ 12 ವೋಲ್ಟುಗಳನ್ನು ಪರೀಕ್ಷಿಸಿದೆ. ಋಣ 12 ವೋಲ್ಟನ್ನು ಹಲವರು ಬಿಟ್ಟುಬಿಡುತ್ತಾರೆ, ಆದರೆ ಸೀರಿಯಲ್ ಪೋರ್ಟು ಬದುಕುವುದೇ ಅದರಿಂದ.

ಎರಡನೆಯದು ಬ್ಯಾಟರಿ. ಆ ಕಾಲದ ಬೋರ್ಡುಗಳಲ್ಲಿ ಗಡಿಯಾರಕ್ಕೂ ಸೆಟಪ್ ನೆನಪಿಗೂ 3.6 ವೋಲ್ಟಿನ ಉರುಟಾದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಿದ್ದರು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಮುರಕಲ್ಲಿನ ಮನೆಯ ಅಟ್ಟದ ತೇವದಲ್ಲಿ, ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನದೆ ಬಿಡುವುದಿಲ್ಲ. ಕೀಲಿಮಣೆಯ ಸಾಕೆಟ್ಟಿನ ಹತ್ತಿರ ಬೋರ್ಡು ಬೆರಳಿಗೆ ಮರಳಿನಂತೆ ಹತ್ತಿತು. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ವಿನೆಗರ್ ಅದ್ದಿದ ಹತ್ತಿಯಿಂದ ಕ್ಷಾರವನ್ನು ಶಮನಗೊಳಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿದೆ. ಬಳಿಕ ಸಾಕೆಟ್ಟಿನ ಪ್ರತಿ ಪಿನ್ನಿನಿಂದ ಕೀಲಿಮಣೆಯ ಕಂಟ್ರೋಲರ್ ಚಿಪ್ಪಿನವರೆಗೆ ಬಜರ್ ಹಿಡಿದು ನೋಡಿದಾಗ ಗಡಿಯಾರದ ಸಂಕೇತ ಸಾಗುವ ಗೆರೆ ತುಂಡಾಗಿರುವುದು ತಿಳಿಯಿತು. ಅಲ್ಲಿ ತೆಳು ತಂತಿಯೊಂದನ್ನು ಬೆಸೆದೆ. ಹೊಸ ಬ್ಯಾಟರಿಯಾಗಿ ಮೂರು ಎಎ ಸೆಲ್ಲುಗಳನ್ನು ಬೋರ್ಡಿನಿಂದ ದೂರ, ಪೆಟ್ಟಿಗೆಯ ಬದಿಗೆ ಅಂಟಿಸಿ, ಹೊರಗಿನ ಬ್ಯಾಟರಿಗೆಂದೇ ಬೋರ್ಡಿನಲ್ಲಿರುವ ನಾಲ್ಕು ಪಿನ್ನುಗಳ ಜಾಗಕ್ಕೆ ತಂತಿ ಎಳೆದಿದ್ದೇನೆ.

ಸೀರಿಯಲ್ ಪೋರ್ಟು ಸತ್ತಿತ್ತು. ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಜೆಗಳಲ್ಲಿ ಇಲ್ಲಿ ಬಡಿಯುವ ಸಿಡಿಲು ಹಿಂದೊಮ್ಮೆ ಫೋನಿನ ತಂತಿಯಲ್ಲಿ ಬಂದು ಮೋಡೆಮನ್ನು ಸುಟ್ಟಿತ್ತು. ಅದಕ್ಕೆ ಜೋಡಿಸಿದ್ದ ಪೋರ್ಟಿಗೂ ಪೆಟ್ಟು ಬಿದ್ದಿರಬೇಕು ಎಂದು ಊಹಿಸಿದೆ. ಏನೂ ಕಳುಹಿಸದೆ ಸುಮ್ಮನಿರುವಾಗ ಪೋರ್ಟಿನ 3ನೆಯ ಪಿನ್ನಿನಲ್ಲಿ 5ನೆಯ ಪಿನ್ನಿಗೆ ಹೋಲಿಸಿ ಋಣ 10 ವೋಲ್ಟಿನ ಆಸುಪಾಸು ಇರಬೇಕು. ಇಲ್ಲಿ ಸೊನ್ನೆ ಇತ್ತು. ತಪ್ಪು 1488 ಎಂಬ 14 ಕಾಲುಗಳ ಚಿಪ್ಪಿನದು. ಅದು ಗಣಕದ 5 ವೋಲ್ಟಿನ ಸಂಕೇತವನ್ನು ಧನ-ಋಣ 12 ವೋಲ್ಟಿನ ಮಟ್ಟಕ್ಕೆ ಏರಿಸಿ ಹೊರಗೆ ಕಳುಹಿಸುತ್ತದೆ. ಜೊತೆಗಾರ 1489 ಬರುವ ಸಂಕೇತವನ್ನು ಇಳಿಸುತ್ತದೆ. ಎರಡನ್ನೂ ಬದಲಿಸಲು ನಿರ್ಧರಿಸಿದೆ.

ಕಾಣದೆ ಬೆಸೆಯುವುದು ಹೇಗೆ ಎಂದು ಕೇಳುವವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದ ಸ್ಮಿತ್-ಕೆಟಲ್‌ವೆಲ್ ಸಂಸ್ಥೆಯಿಂದ 1980ರಿಂದ ಹಲವು ವರ್ಷ ಹೊರಬಂದ ಟೆಕ್ನಿಕಲ್ ಫೈಲ್ ಎಂಬ ಪತ್ರಿಕೆಯನ್ನು ಸ್ವತಃ ಅಂಧರಾದ ಬಿಲ್ ಗೆರಿ ಸಂಪಾದಿಸುತ್ತಿದ್ದರು; ಅಂಧರು ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ಕ್ರಮವನ್ನು ಚಿತ್ರಗಳಿಲ್ಲದೆ, ಶಬ್ದಗಳಲ್ಲೇ ಅದು ಕಲಿಸಿತು. ಸರ್ಕಿಟ್ಟನ್ನು ಪಿನ್ನಿನಿಂದ ಪಿನ್ನಿಗೆ ವಾಕ್ಯಗಳಲ್ಲಿ ಬರೆಯುವ ಅದರ ಪದ್ಧತಿಗೆ ನಾನು ಋಣಿ. ನನ್ನ ಕ್ರಮ ಹೀಗೆ: ಸತ್ತ ಚಿಪ್ಪಿನ ಕಾಲುಗಳನ್ನು ಕಟ್ಟರಿನಿಂದ ಕತ್ತರಿಸಿ ಒಡಲನ್ನು ಬಿಡಿಸಿ, ಉಳಿದ ಕಾಲುಗಳನ್ನು ಒಂದೊಂದಾಗಿ ಕಾಯಿಸಿ ಇಕ್ಕಳದಿಂದ ಎಳೆಯುತ್ತೇನೆ. ಹೊಸ ಚಿಪ್ಪನ್ನು ನೇರವಾಗಿ ಬೆಸೆಯದೆ ಸಾಕೆಟ್ಟನ್ನು ಬೆಸೆಯುತ್ತೇನೆ. ತೆಂಗಿನ ಗರಿಯ ಕಡ್ಡಿಯ ತುದಿಯನ್ನು ಎಡಗೈಯಿಂದ ಬೇಕಾದ ಕಾಲಿನ ಬುಡಕ್ಕೆ ತಾಗಿಸಿ ಹಿಡಿದು, ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಆ ಕಡ್ಡಿಯ ಮೇಲೆ ಜಾರಿಸಿಕೊಂಡು ಕೆಳಗಿಳಿಸಿದರೆ ಅದು ಸರಿಯಾದ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಸೋಲ್ಡರ್ ತಂತಿಯ ಸಣ್ಣ ಬಳೆಯನ್ನು ಕಾಲಿಗೆ ಮೊದಲೇ ತೊಡಿಸಿರುತ್ತೇನೆ. ಫ್ಲಕ್ಸಿನ ಚುಯ್ ಸದ್ದು ಮತ್ತು ವಾಸನೆ ಅದು ಕರಗಿತೆಂದು ತಿಳಿಸುತ್ತವೆ. ತಣಿದ ಮೇಲೆ ಅಕ್ಕಪಕ್ಕದ ಕಾಲುಗಳ ನಡುವೆ ಬಜರ್ ಕೂಗಬಾರದು. ಹೊಸ ಚಿಪ್ಪು ಕೂತ ಬಳಿಕ 3ನೆಯ ಪಿನ್ನಿನಲ್ಲಿ ಮೀಟರು ಋಣ 11 ವೋಲ್ಟ್ ಎಂದು ಹೇಳಿತು.

ಗಣಕವನ್ನು ಚಾಲೂ ಮಾಡಿದಾಗ ಸ್ಪೀಕರಿನಿಂದ ಒಂದೇ ಒಂದು ಚಿಕ್ಕ ಬೀಪ್ ಬಂದಿತು. ಬೋರ್ಡು ತನ್ನ ಪರೀಕ್ಷೆಯಲ್ಲಿ ಗೆದ್ದಿದೆ ಎಂದು ಇದರ ಅರ್ಥ. ಉದ್ದ ಒಂದು, ಚಿಕ್ಕವು ಎರಡು ಬಂದಿದ್ದರೆ ಡಿಸ್‌ಪ್ಲೇ ಕಾರ್ಡಿನ ದೋಷವಿರುತ್ತಿತ್ತು. ಸ್ಕ್ರೀನ್ ರೀಡರ್ ಏಳುವ ಮೊದಲಿನ ಗಳಿಗೆಯಲ್ಲಿ ನಮಗಿದ್ದ ಭಾಷೆ ಈ ಬೀಪುಗಳು, ಡ್ರೈವಿನ ಗರಗರ ಮತ್ತು ಪಕ್ಕದಲ್ಲಿಟ್ಟ ಮೀಡಿಯಂ ವೇವ್ ರೇಡಿಯೊ. ಗಣಕದ ಗದ್ದಲ ಆ ರೇಡಿಯೊದಲ್ಲಿ ಕೇಳುತ್ತಿತ್ತು. ಪ್ರೋಗ್ರಾಂ ಸುತ್ತಿನಲ್ಲಿ ಸಿಕ್ಕಿಬಿದ್ದರೆ ಒಂದೇ ಸಮನೆ ಕೊರೆಯುವ ಸ್ವರ, ಕೆಲಸ ಸಾಗುತ್ತಿದ್ದರೆ ಏರಿಳಿಯುವ ಸ್ವರ. ಮಂಗಳೂರು ಆಕಾಶವಾಣಿಗೆ ತಿರುಗಿಸಿದ್ದ ಮುಳ್ಳನ್ನು ಸ್ವಲ್ಪ ಸರಿಸಿ ನಾನು ಎಷ್ಟೋ ದೋಷಗಳನ್ನು ಹಿಡಿದಿದ್ದೇನೆ.

ಆದರೆ ಗಣಕದ ಮೂಲ ಹೊಂದಾಣಿಕೆಗಳನ್ನು ಬದಲಿಸುವ ಬಯಾಸ್ ಸೆಟಪ್ಪಿಗೆ ಅಂದೂ ಮಾತಿರಲಿಲ್ಲ, ಇಂದಿಗೂ ಬಹುಪಾಲು ಗಣಕಗಳಲ್ಲಿ ಇಲ್ಲ. 1971ರಲ್ಲಿ ಮಾರುಕಟ್ಟೆಗೆ ಬಂದ ಆಪ್ಟಕಾನ್ ಎಂಬ ಸಾಧನ ಅಕ್ಷರದ ಆಕಾರವನ್ನು 144 ಕಂಪಿಸುವ ಮುಳ್ಳುಗಳ ಮೂಲಕ ಒಂದು ಬೆರಳಿಗೆ ಮುಟ್ಟಿಸುತ್ತಿತ್ತು, ಪರದೆಯನ್ನು ಓದಲು ಅದಕ್ಕೆ ಬೇರೆ ಲೆನ್ಸೂ ಇತ್ತು. ಅದನ್ನು ಬಳಸಿದವರು ಇಂಥ ಪರದೆಗಳನ್ನು ಯಾರ ಹಂಗೂ ಇಲ್ಲದೆ ಓದಿದರು. ಅದಕ್ಕೂ ಹಿಂದಿನ ತಲೆಮಾರಿನ ಅಂಧ ಪ್ರೋಗ್ರಾಮರುಗಳು ಲೈನ್ ಪ್ರಿಂಟರಿನ ಕಾಗದದ ಹಿಂದೆ ಮೆತ್ತನೆಯ ಪಟ್ಟಿ ಇಟ್ಟು, ಪೂರ್ಣವಿರಾಮದ ಚುಕ್ಕೆಗಳನ್ನು ಬಲವಾಗಿ ಅಚ್ಚೊತ್ತಿಸಿ, ತಮ್ಮ ಪ್ರೋಗ್ರಾಮುಗಳನ್ನು ಬ್ರೈಲಿನಲ್ಲಿ ಪಡೆಯುತ್ತಿದ್ದರು. ನನ್ನ ಬಳಿ ಆಪ್ಟಕಾನ್ ಇಲ್ಲ. ತಮ್ಮನ ಮಗಳು ಪಕ್ಕದಲ್ಲಿ ಕುಳಿತು ಪರದೆಯನ್ನು ಓದಿ ಹೇಳಿದಳು. ಪ್ರತಿ ಪುಟಕ್ಕೆ ಎಷ್ಟು ಸಲ ಕೆಳಬಾಣ, ಎಲ್ಲಿ ಎಂಟರ್, ಯಾವ ಕೀಲಿಗೆ ಯಾವ ಮೌಲ್ಯ ಎಂಬುದನ್ನು ನಾನು ಸ್ಲೇಟಿನಲ್ಲಿ ಬ್ರೈಲ್ ಮಾಡಿಕೊಂಡೆ, ಮತ್ತು ಆ ಪಟ್ಟಿಯನ್ನು ಮಾತ್ರ ಅನುಸರಿಸಿ ನಾನು ಮಾಡಿದ ಬದಲಾವಣೆ ಸರಿಯಾಗಿದೆಯೇ ಎಂದು ಅವಳಿಂದಲೇ ಪರೀಕ್ಷಿಸಿಕೊಂಡೆ. ಇನ್ನು ಮುಂದೆ ಆ ಪುಟಗಳಿಗೆ ಯಾರ ಕಣ್ಣೂ ಬೇಕಿಲ್ಲ.

ಹಾರ್ಡ್ ಡಿಸ್ಕಿನ ಬದಲು ಅಡಾಪ್ಟರಿನೊಂದಿಗೆ 256 ಎಂಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದೆ. ಆ ಕಾಲದ ಬಯಾಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟುವುದಿಲ್ಲ. 512 ಬೈಟಿನಿಂದ ಗುಣಿಸಿದರೆ 52,84,82,304 ಬೈಟು, ಅಷ್ಟೇ ಮಿತಿ. ಡಾಸಿನ ಉಚಿತ ರೂಪವಾದ ಫ್ರೀಡಾಸ್ ಸ್ಥಾಪಿಸುವಾಗ ಪರದೆ ಓದುವ ಪ್ರಶ್ನೆ ಮತ್ತೆ ಎದುರಾಯಿತು, ಅದಕ್ಕೆ ಡಾಸಿನಲ್ಲೇ ಉತ್ತರವಿತ್ತು. ಸಿಟಿಟಿವೈ ಎಂಬ ಆಜ್ಞೆ ಗಣಕದ ಕೀಲಿಮಣೆ ಮತ್ತು ಪರದೆಯ ಸ್ಥಾನದಲ್ಲಿ ಸೀರಿಯಲ್ ಪೋರ್ಟನ್ನು ಕೂರಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ತಯಾರಿಸಿದ ಬೂಟ್ ಫ್ಲಾಪಿಯ ಆಟೊಎಕ್ಸೆಕ್ ಫೈಲಿನಲ್ಲಿ ಪೋರ್ಟಿನ ವೇಗವನ್ನು 9600ಕ್ಕೆ ಇಡುವ ಸಾಲನ್ನೂ ಅದರ ಕೆಳಗೆ ಸಿಟಿಟಿವೈ ಕಾಮ್1 ಎಂಬ ಸಾಲನ್ನೂ ಬರೆದು, ನಲ್ ಮೋಡೆಮ್ ಕೇಬಲಿನಿಂದ ಎರಡು ಯಂತ್ರಗಳನ್ನು ಜೋಡಿಸಿದೆ. ಹಳೆಯ ಗಣಕದ ಪ್ರಾಂಪ್ಟ್ ಲ್ಯಾಪ್‌ಟಾಪಿನ ಟರ್ಮಿನಲಿನಲ್ಲಿ ಬಂದು ನಿಂತಿತು, ಅಲ್ಲಿನ ಸ್ಕ್ರೀನ್ ರೀಡರ್ ಎನ್‌ವಿಡಿಎ ಅದನ್ನು ಓದಿತು. ಪರದೆಯ ಮೆಮೊರಿಗೆ ನೇರವಾಗಿ ಬರೆಯುವ ಪ್ರೋಗ್ರಾಮುಗಳು ಈ ದಾರಿಯಲ್ಲಿ ಕಾಣಿಸುವುದಿಲ್ಲ, ಆದ್ದರಿಂದ ಡಿಸ್ಕನ್ನು ವಿಭಾಗಿಸುವ ಎಫ್‌ಡಿಸ್ಕಿಗೆ ಬೇಕಾದುದನ್ನೆಲ್ಲ ಆಜ್ಞೆಯ ಸಾಲಿನಲ್ಲೇ ಕೊಟ್ಟೆ, ಫೈಲುಗಳನ್ನು ಎಡ್ಲಿನ್‌ನಲ್ಲಿ ತಿದ್ದಿದೆ. ಎಡ್ಲಿನ್ ಒಂದು ಸಲಕ್ಕೆ ಒಂದೇ ಸಾಲನ್ನು ತಿದ್ದುವ ಎಡಿಟರ್. ಹಲವರು ಅದನ್ನು ಬೇಗ ತೊರೆದರು, ನಾನಂತೂ ವರ್ಷಗಟ್ಟಲೆ ಪ್ರೀತಿಯಿಂದ ಬಳಸಿದೆ. ಸಾಲಿಗೆ ಸಂಖ್ಯೆಯಿತ್ತು, ಕೇಳಿದ ಸಾಲನ್ನು ಮಾತ್ರ ಅದು ಕೊಡುತ್ತಿತ್ತು, ಕಿವಿಗೆ ಬೇಕಾದದ್ದೂ ಅಷ್ಟೇ.

ಹಳೆಯ ಸ್ಕ್ರೀನ್ ರೀಡರಿದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಲೋಹದ ಮುಚ್ಚಳ ಸರಿಸಿ, ನಡುವಿನ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ, ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಮುಖಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದೇ ಓಟದಲ್ಲಿ ಪ್ರತಿ ತೆಗೆದೆ.

ಇನ್ನು ಮಾತಿನ ಪೆಟ್ಟಿಗೆ. ಒಳಗೆ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಗಣಕ, ಅದರಲ್ಲಿ ಬರಹವನ್ನು ಮಾತಾಗಿಸುವ ಈಸ್ಪೀಕ್ ಎನ್‌ಜಿ ಎಂಬ ಪ್ರೋಗ್ರಾಂ. ಪೈ 3.3 ವೋಲ್ಟಿನ ಸಂಕೇತವನ್ನಷ್ಟೇ ಸಹಿಸುವುದರಿಂದ ನಡುವೆ ಮ್ಯಾಕ್ಸ್3232 ಚಿಪ್ಪಿನ ಸಣ್ಣ ಬೋರ್ಡ್ ಬೇಕು. ಗಣಕದ 3ನೆಯ ಪಿನ್ನು ಈ ಚಿಪ್ಪಿನ ಮೂಲಕ ಪೈಯ ಜಿಪಿಐಒ 15 ಎಂಬ ಪಿನ್ನಿಗೆ, ಜಿಪಿಐಒ 14 ಗಣಕದ 2ನೆಯ ಪಿನ್ನಿಗೆ, ಜಿಪಿಐಒ 17 ಗಣಕದ 8ನೆಯ ಪಿನ್ನಿಗೆ, 5ನೆಯದು ನೆಲ. ಪ್ಲಗ್ಗಿನೊಳಗೆ 4 ಮತ್ತು 6ನೆಯ ಪಿನ್ನುಗಳನ್ನು ಒಂದಕ್ಕೊಂದು ಜೋಡಿಸಿದೆ, ಏಕೆಂದರೆ ಎದುರಿನ ಯಂತ್ರ ಸಿದ್ಧವಿದೆ ಎಂಬ ಸೂಚನೆ ಬಾರದೆ ಕೆಲವು ಡಾಸ್ ಪ್ರೋಗ್ರಾಮುಗಳು ಒಂದಕ್ಷರವನ್ನೂ ಕಳುಹಿಸುವುದಿಲ್ಲ. ಪೈ 3ರಲ್ಲಿ ಒಳ್ಳೆಯ ಸೀರಿಯಲ್ ಘಟಕವನ್ನು ಬ್ಲೂಟೂತ್ ಆಕ್ರಮಿಸಿಕೊಂಡಿರುತ್ತದೆ. ಬ್ಲೂಟೂತನ್ನು ಸೆಟಪ್ ಫೈಲಿನಲ್ಲಿ ನಿಲ್ಲಿಸಿ ಅದನ್ನು ಬಿಡಿಸಿಕೊಂಡೆ.

ಹಳೆಯ ಸ್ಕ್ರೀನ್ ರೀಡರ್ ಯಾವ ಭಾಷೆಯಲ್ಲಿ ಧ್ವನಿಯಂತ್ರದೊಡನೆ ಮಾತನಾಡುತ್ತಿತ್ತು ಎಂಬುದು ತಿಳಿಯದೆ ಪೆಟ್ಟಿಗೆ ಬರೆಯುವಂತಿಲ್ಲ, ಆ ಸಾಧನಗಳ ಕೈಪಿಡಿಗಳು ಈಗ ಸುಲಭವಾಗಿ ಸಿಗುವುದಿಲ್ಲ. ಆದರೆ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲಿನೊಳಗೆ ಅವೆಲ್ಲ ಬದುಕಿವೆ. ಕರ್ಕ್ ರೈಸರ್ ಆರಂಭಿಸಿದ ಸ್ಪೀಕಪ್ ಎಂಬ ಸ್ಕ್ರೀನ್ ರೀಡರಿನ ಮೂಲಸಂಕೇತದಲ್ಲಿ ಡೆಕ್‌ಟಾಕ್, ಅಪೊಲೊ, ಲೈಟ್‌ಟಾಕ್, ಬ್ರೈಲ್ ಅಂಡ್ ಸ್ಪೀಕ್ ಮೊದಲಾದ ಸಾಧನಗಳಿಗೆ ಒಂದೊಂದು ಫೈಲಿದೆ. ಯಾವ ಬೈಟಿಗೆ ಏನರ್ಥ ಎಂಬುದು ಅಲ್ಲಿ ಅಚ್ಚುಕಟ್ಟಾಗಿ ಉಳಿದಿದೆ. ನಾನು ಆರಿಸಿದ್ದು ಬ್ರೈಲ್ ಅಂಡ್ ಸ್ಪೀಕಿನ ಸರಳ ಕ್ರಮವನ್ನು. 13 ಎಂಬ ಬೈಟು ಬಂದರೆ ಈವರೆಗಿನದನ್ನು ಮಾತನಾಡು, 24 ಬಂದರೆ ತಕ್ಷಣ ಸುಮ್ಮನಾಗು. 5ರ ನಂತರ ಒಂದು ಸಂಖ್ಯೆ ಮತ್ತು ಒಂದು ಅಕ್ಷರ ಬಂದರೆ ಅದು ವೇಗ, ಸ್ಥಾಯಿ ಅಥವಾ ಗಟ್ಟಿತನದ ಆಜ್ಞೆ.

ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ ನಾನು ಬಿಗಿಯಾಗಿ ಹಿಡಿದ ನಿಯಮ ಒಂದೇ: ಪೋರ್ಟಿನಿಂದ ಓದುವ ಕೆಲಸ ಮಾತು ಮುಗಿಯಲೆಂದು ಎಂದಿಗೂ ಕಾಯಬಾರದು. ಕಾದರೆ ಬಾಯಿ ಮುಚ್ಚಿಸುವ 24 ಎಂಬ ಬೈಟು ತನಗಿಂತ ಮುಂದಿರುವ ಅಕ್ಷರಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಪ್ರೋಗ್ರಾಮಿನಲ್ಲಿ ಒಟ್ಟಿಗೆ ಓಡುವ ಎರಡು ಎಳೆಗಳಿವೆ (ಥ್ರೆಡ್): ಒಂದು ಎಳೆ ಬೈಟುಗಳನ್ನು ಬಂದಂತೆ ಸೆಳೆದುಕೊಳ್ಳುತ್ತದೆ, 24 ಕಂಡೊಡನೆ ಸರದಿಯಲ್ಲಿರುವುದನ್ನೆಲ್ಲ ಚೆಲ್ಲಿ ಈಸ್ಪೀಕ್ ಲೈಬ್ರರಿಯ ಕ್ಯಾನ್ಸಲ್ ಕರೆಯನ್ನು ಮಾಡುತ್ತದೆ. ಇನ್ನೊಂದು ಎಳೆ ಮಾತನಾಡಿಸುತ್ತದೆ. ಈಸ್ಪೀಕನ್ನು ಪ್ರತಿ ಸಾಲಿಗೂ ಹೊಸ ಆಜ್ಞೆಯಾಗಿ ಓಡಿಸುವುದು ಸುಲಭವಾದರೂ ನಿಧಾನ. ಧ್ವನಿಯ ಬಫರನ್ನು 512 ಮಾದರಿಗಳಿಗೆ ಇಳಿಸಿದೆ. 22,050 ಹರ್ಟ್ಸಿನಲ್ಲಿ ಅದು ಸುಮಾರು 23 ಮಿಲಿಸೆಕೆಂಡ್.

ಅಳತೆಗಾಗಿ ಫೋನಿನಲ್ಲಿ ಕೀಲಿಯ ಸದ್ದನ್ನೂ ಮಾತನ್ನೂ ಒಟ್ಟಿಗೆ ಮುದ್ರಿಸಿ ನಡುವಿನ ಅಂತರವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಒಂದೇ ಅಕ್ಷರದ ಮಟ್ಟಿಗೆ ನಮ್ಮ ನೆನಪು ಸತ್ಯ: 9600 ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಸಾಗುತ್ತವೆ, ಎಂದರೆ ಅಕ್ಷರವೊಂದು ತಂತಿಯನ್ನು ದಾಟಲು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಸಾಕು, ಮತ್ತು ಕೀಲಿಗೂ ತಂತಿಗೂ ನಡುವೆ ಆ ಸಣ್ಣ ಪ್ರೋಗ್ರಾಂ ಬಿಟ್ಟರೆ ಬೇರೇನೂ ಇಲ್ಲ. ಮಾತು ನಿಲ್ಲಿಸುವುದರಲ್ಲಿಯೂ ಹಳೆಯ ಯಂತ್ರ ನನ್ನ ಲ್ಯಾಪ್‌ಟಾಪಿಗಿಂತ ಮುಂದಿದೆ. ಆದರೆ 80 ಅಕ್ಷರಗಳ ಸಾಲು ದಾಟಲು 83 ಮಿಲಿಸೆಕೆಂಡ್ ಬೇಕು, ಇಡೀ ಪರದೆಗೆ ಎರಡು ಸೆಕೆಂಡಿಗೂ ಹೆಚ್ಚು. ಮೊದಲ ಸಾಲು ಕೇಳುತ್ತಿರುವಾಗ ಉಳಿದದ್ದು ಹಿಂದಿನಿಂದ ಬರುತ್ತಿದ್ದುದರಿಂದ ಆ ತಡ ನಮ್ಮ ಅರಿವಿಗೆ ಬರುತ್ತಿರಲಿಲ್ಲ. ಚುರುಕು ಇದ್ದದ್ದು ಪ್ರೊಸೆಸರಿನ ಶಕ್ತಿಯಲ್ಲಿ ಅಲ್ಲ, ಕೀಲಿ ಮತ್ತು ಕಿವಿಯ ನಡುವೆ ನಿಂತ ಪದರಗಳು ಕಡಿಮೆಯಿದ್ದುದರಲ್ಲಿ. ಇಂದಿನ ಸ್ಕ್ರೀನ್ ರೀಡರ್ ಬರೆಯುವವರು ಈ ಲೆಕ್ಕವನ್ನು ಗಮನಿಸಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕೊನೆಯ ಭಾಗ ಕನ್ನಡದ್ದು. ಆ ಕಾಲದ ನನ್ನ ಧ್ವನಿಯಂತ್ರಕ್ಕೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆದು, ಅದರ ಬಾಯಿಗೆ ಒಗ್ಗುವಂತೆ ಕಾಗುಣಿತ ತಿರುಚಿ ಕೇಳುತ್ತಿದ್ದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ ಚಿಕ್ಕಪ್ಪ ತಮ್ಮ ಟಿಪ್ಪಣಿಗಳನ್ನು ಯಾರಿಂದಲೋ ಭಾರತೀಯ ಲಿಪಿಗಳಿಗಾಗಿ ಇದ್ದ ಇಸ್ಕಿ ಎಂಬ ಸಂಕೇತದಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದ ಒಂದು ಫೈಲು ಫ್ಲಾಪಿಯಲ್ಲಿ ಉಳಿದಿತ್ತು, ಅದನ್ನು ನಾನು ಎಂದೂ ಓದಲಾಗಿರಲಿಲ್ಲ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಬ್ರಾಹ್ಮಿ ಮೂಲದ ಪ್ರಮುಖ ಭಾರತೀಯ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ. 179 ಎಂಬುದು ಕನ್ನಡದ ಕಕಾರವೂ ಹೌದು, ಮಲಯಾಳದ ಕಕಾರವೂ ಹೌದು. ಅಕ್ಷರಗಳು ಉಚ್ಚಾರದ ಕ್ರಮದಲ್ಲೇ ನಿಲ್ಲುವುದರಿಂದ ಯೂನಿಕೋಡಿಗೆ ಪರಿವರ್ತನೆ ಬಹುತೇಕ ಕೋಷ್ಟಕ ನೋಡುವಷ್ಟೇ ಕೆಲಸ. ಮುಂದೆ ಬಂದ, ಅಕ್ಷರದ ಆಕಾರಗಳ ತುಂಡುಗಳನ್ನು ಸಂಕೇತವಾಗಿಸಿದ ಫಾಂಟುಗಳು ಕಿವಿಗೆ ಅರ್ಥಹೀನ ಚೂರುಗಳನ್ನಷ್ಟೇ ಕೊಟ್ಟವು; ಆ ವಿಷಯದಲ್ಲಿ ಇಸ್ಕಿ ನಮಗೆ ಹೆಚ್ಚು ಹಿತವಾದ ಸಂಕೇತವಾಗಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. 160ಕ್ಕಿಂತ ಮೇಲಿನ ಬೈಟುಗಳನ್ನು ಪೆಟ್ಟಿಗೆ ಈಗ ಕನ್ನಡ ಧ್ವನಿಗೆ ಒಪ್ಪಿಸುತ್ತದೆ. ಡಾಸಿನಲ್ಲಿ ಫೈಲನ್ನು ಕಾಪಿ ಆಜ್ಞೆಯಿಂದ ಕಾಮ್1ಕ್ಕೆ ಕಳುಹಿಸಿದೆ, ಕರ್ಣಭೇದನದ ಅರ್ಥಕ್ಕೆಂದು ಚಿಕ್ಕಪ್ಪ ಬರೆಸಿದ್ದ ಸಾಲುಗಳನ್ನು ಪೆಟ್ಟಿಗೆ ಓದಿತು. ಉಚ್ಚಾರ ಸ್ಪಷ್ಟವಾಗಿದೆ, ಏರಿಳಿತ ಒರಟು.

ಇಸ್ಕಿಯ ಅಂಕಿಗಳನ್ನು ಮತ್ತು ಲಿಪಿ ಬದಲಿಸುವ 239ನೆಯ ಬೈಟನ್ನು ಪೆಟ್ಟಿಗೆ ಇನ್ನೂ ಗುರುತಿಸುವುದಿಲ್ಲ. ಅದನ್ನು ಸೇರಿಸಿದರೆ ಮಲಯಾಳದ ಫೈಲುಗಳನ್ನೂ ಅದೇ ತಂತಿಯಲ್ಲಿ ಓದಿಸಬಹುದು. ಅದಕ್ಕೂ ಮೊದಲು, ಸಿಡಿಲಿನ ತಿಂಗಳು ಬರುವುದರೊಳಗೆ, ಎರಡು ಯಂತ್ರಗಳ ನಡುವೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಕಪ್ಲರ್ ಬೋರ್ಡೊಂದನ್ನು ಕೂರಿಸಬೇಕಾಗಿದೆ.